ಪ್ರಾಧ್ಯಾಪಕರ ಮಾತು ಒಪ್ಪದೆ ಬರೆದರೆ ಅಂಕ ಕಡಿಯಬಹುದೇ?

ಪ್ರಶ್ನೆ: ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಕನಿಷ್ಠ ವೇತನ ಹೆಚ್ಚಿಸಿದರೆ ಉದ್ಯೋಗ ಕಡಿಮೆಯಾಗುತ್ತದೆ ಎಂದು ನಮ್ಮ ಪ್ರಾಧ್ಯಾಪಕರು ಪಾಠ ಮಾಡಿದ್ದರು. ಸೆಮಿನಾರ್ ಪ್ರಬಂಧದಲ್ಲಿ ನಾನು ಅದನ್ನು ಒಪ್ಪದೆ ಬರೆದೆ. 20ಕ್ಕೆ 9 ಅಂಕ ಬಂತು. ಕೊನೆಯ ಪುಟದಲ್ಲಿ ‘ತರಗತಿಯಲ್ಲಿ ಹೇಳಿದ್ದಕ್ಕೆ ವಿರುದ್ಧ’ ಎಂಬ ಒಂದೇ ಷರಾ ಇದೆ. ಅದೇ ವಿಷಯದ ಮೇಲೆ ಡಿಸರ್ಟೇಶನ್ ಮಾಡುತ್ತೇನೆ ಎಂದರೆ ಗೈಡ್ ಬೇಡ ಅಂದರು. ಇದರ ಮೇಲೆ, ನಮ್ಮ ಅಧ್ಯಯನ ಬಳಗ ಕರೆಸಿದ್ದ ಉಪನ್ಯಾಸಕರ ಕಾರ್ಯಕ್ರಮಕ್ಕೆ ಕೊಟ್ಟಿದ್ದ ಹಾಲ್ ಹಿಂದಿನ ದಿನ ರದ್ದಾಯಿತು. ಶೈಕ್ಷಣಿಕ ಸ್ವಾತಂತ್ರ್ಯ ಅನ್ನುವುದು ಮೇಷ್ಟ್ರಿಗೆ ಮಾತ್ರವೇ? ನಾವು ಏನು ಮಾಡಬಹುದು?

ಉತ್ತರ: ವಿದ್ಯಾರ್ಥಿಗೂ ಶೈಕ್ಷಣಿಕ ಸ್ವಾತಂತ್ರ್ಯ ಇದೆ. ಆದರೆ ನಿಮ್ಮ ಮೂರೂ ಸಂಗತಿಗಳನ್ನು ಒಂದೇ ದೂರಿನಲ್ಲಿ ಕಟ್ಟಿಕೊಟ್ಟರೆ ಮೂರೂ ಬಿದ್ದುಹೋಗುವ ಸಾಧ್ಯತೆ ಹೆಚ್ಚು. ಅಂಕಕ್ಕೆ ಒಂದು ಬಗೆಯ ನಿಯಮ, ಡಿಸರ್ಟೇಶನ್‌ಗೆ ಇನ್ನೊಂದು, ಹಾಲ್ ರದ್ದಾದದ್ದಕ್ಕೆ ಮತ್ತೊಂದು. ತೀರ್ಮಾನ ಕೊಡುವವರೂ ಬೇರೆ ಬೇರೆ. ಅಂಕದ ವಿಷಯದಲ್ಲಿ ನಿಮಗೆ ಹಿಡಿದುಕೊಳ್ಳಲು ಗಟ್ಟಿಯಾದದ್ದೊಂದು ಸಿಕ್ಕಿದೆ, ಅದು ಆ ಷರಾ. ಹಾಲ್ ವಿಷಯದಲ್ಲೂ ನಿಮ್ಮ ಪಕ್ಷ ಬಲವಾಗಿದೆ. ಡಿಸರ್ಟೇಶನ್ ವಿಷಯದಲ್ಲಿ ಮಾತ್ರ ಗೈಡ್‌ಗೂ ಅವರದೇ ಸ್ವಾತಂತ್ರ್ಯ ಇರುವುದರಿಂದ ಅಲ್ಲಿ ಜಗಳಕ್ಕಿಂತ ಮಾತುಕತೆಗೆ ಜಾಗ ಹೆಚ್ಚು.

ಮೇಷ್ಟ್ರಿಗೆ ಮಾತ್ರ ಎಂಬ ಭಾವನೆ ಬರುವುದಕ್ಕೆ ಹಳೆಯ ಕಾರಣವಿದೆ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾದಾಗ ಅದರ ಹಿಂದಿದ್ದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್‌ರ ಚಿಂತನೆಯ ಹಾದಿಯಲ್ಲಿ ಕಲಿಸುವವರ ಸ್ವಾತಂತ್ರ್ಯ ಮತ್ತು ಕಲಿಯುವವರ ಸ್ವಾತಂತ್ರ್ಯ ಜೊತೆಜೊತೆಯಾಗಿಯೇ ಬೆಳೆದವು. ಯಾವ ಪಾಠಕ್ಕೆ ಕೂರಬೇಕು, ಯಾವ ವಿಶ್ವವಿದ್ಯಾಲಯದಿಂದ ಯಾವುದಕ್ಕೆ ಹೋಗಬೇಕು ಎಂಬುದನ್ನು ಜರ್ಮನ್ ವಿದ್ಯಾರ್ಥಿ ಬಹುಮಟ್ಟಿಗೆ ತಾನೇ ತೀರ್ಮಾನಿಸುತ್ತಿದ್ದ. 1915ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ತನ್ನ ತತ್ವಗಳ ಘೋಷಣೆ ಹೊರಡಿಸಿತು. ಸ್ವಾತಂತ್ರ್ಯಕ್ಕೆ ಈ ಎರಡು ಮುಖಗಳಿವೆ ಎಂದು ಅದು ಆರಂಭದಲ್ಲೇ ಒಪ್ಪಿತು, ಆದರೆ ತಾನು ಹೇಳಹೊರಟಿರುವುದು ಬೋಧಕರ ಸ್ವಾತಂತ್ರ್ಯವನ್ನು ಮಾತ್ರ ಎಂದು ಅಲ್ಲೇ ಗೆರೆ ಎಳೆಯಿತು. ಕೆಲಸ ಕಳೆದುಕೊಳ್ಳುತ್ತಿದ್ದವರು ಬೋಧಕರಾಗಿದ್ದರಿಂದ ಆ ಗೆರೆ ಆಗಿನ ಮಟ್ಟಿಗೆ ಅರ್ಥವಾಗುವಂಥದ್ದೇ. ಅರ್ಧ ಶತಮಾನದವರೆಗೆ ಆ ಕಡೆಯ ಚರ್ಚೆಯಲ್ಲಿ ವಿದ್ಯಾರ್ಥಿ ಪಕ್ಕಕ್ಕೇ ಉಳಿದ. ಅದೇ ಹೊತ್ತಿನಲ್ಲಿ, 1918ರಲ್ಲಿ, ಅರ್ಜೆಂಟೀನಾದ ಕೊರ್ಡೊಬಾದಲ್ಲಿ ವಿದ್ಯಾರ್ಥಿಗಳು ಚಳವಳಿ ಹೂಡಿ, ವಿಶ್ವವಿದ್ಯಾಲಯದ ಆಡಳಿತದಲ್ಲಿ ಪಾಲು ಮತ್ತು ಬೋಧಕ ಹುದ್ದೆಗಳಿಗೆ ಮುಕ್ತ ಸ್ಪರ್ಧೆ ಬೇಕೆಂದು ಹಟ ಹಿಡಿದಿದ್ದರು. ಲ್ಯಾಟಿನ್ ಅಮೆರಿಕದ ವಿಶ್ವವಿದ್ಯಾಲಯಗಳ ಮೇಲೆ ಅದರ ಪ್ರಭಾವ ಇಂದಿಗೂ ಇದೆ.

ವಿದ್ಯಾರ್ಥಿಯ ಹಕ್ಕನ್ನು ವಿವರವಾಗಿ ಬರೆದಿಟ್ಟ ದಾಖಲೆ ಬಂದದ್ದು 1967ರಲ್ಲಿ. ಅಮೆರಿಕದ ಅದೇ ಪ್ರಾಧ್ಯಾಪಕರ ಸಂಘ, ಅಲ್ಲಿನ ರಾಷ್ಟ್ರೀಯ ವಿದ್ಯಾರ್ಥಿ ಸಂಘಟನೆ ಮತ್ತು ಕಾಲೇಜುಗಳ ಸಂಘಟನೆಗಳು ಕೂತು ವಿದ್ಯಾರ್ಥಿಗಳ ಹಕ್ಕು ಮತ್ತು ಸ್ವಾತಂತ್ರ್ಯಗಳ ಜಂಟಿ ಹೇಳಿಕೆ ರೂಪಿಸಿದವು. ಆಮೇಲೆ 1976ರ ಜರ್ಮನಿಯ ಉನ್ನತ ಶಿಕ್ಷಣ ಕಾನೂನು, ಪಾಠಗಳನ್ನು ಆರಿಸಿಕೊಳ್ಳುವ, ಕೋರ್ಸಿನೊಳಗೆ ತನಗೆ ಬೇಕಾದ ವಿಷಯಕ್ಕೆ ಒತ್ತು ಕೊಡುವ, ವಿದ್ವತ್ತಿನ ಅಭಿಪ್ರಾಯ ರೂಪಿಸಿಕೊಂಡು ಹೇಳುವ ಹಕ್ಕನ್ನು ವಿದ್ಯಾರ್ಥಿಗೆ ಕೊಟ್ಟಿತು. ಪರೀಕ್ಷಾ ನಿಯಮಗಳಿಗೆ ಧಕ್ಕೆ ಬರದಂತೆ ಎಂಬ ಷರತ್ತು ಜೊತೆಗಿತ್ತು. 1988ರ ಲಿಮಾ ಘೋಷಣೆ ಶೈಕ್ಷಣಿಕ ಸಮುದಾಯ ಎಂದರೆ ಬೋಧಿಸುವವರು, ಓದುವವರು, ಸಂಶೋಧನೆ ಮಾಡುವವರು, ಅಲ್ಲಿ ಕೆಲಸ ಮಾಡುವವರು ಎಲ್ಲರೂ ಎಂದಿತು. 1999ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿ ತನ್ನ 13ನೇ ಸಾಮಾನ್ಯ ಟಿಪ್ಪಣಿಯಲ್ಲಿ, ಶಿಕ್ಷಣದ ಹಕ್ಕು ಪೂರ್ಣವಾಗಬೇಕಾದರೆ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಶೈಕ್ಷಣಿಕ ಸ್ವಾತಂತ್ರ್ಯ ಬೇಕು ಎಂದು ನೇರವಾಗಿ ಬರೆಯಿತು. ತಾನಿರುವ ಸಂಸ್ಥೆಯ ಬಗ್ಗೆ ಮುಕ್ತವಾಗಿ ಮಾತಾಡುವುದೂ ಅದರೊಳಗೆ ಸೇರಿದೆ. ಇನ್ನೊಬ್ಬರ ಸ್ವಾತಂತ್ರ್ಯ ಗೌರವಿಸುವ, ಎದುರು ವಾದಕ್ಕೆ ನ್ಯಾಯವಾಗಿ ಅವಕಾಶ ಕೊಡುವ ಹೊಣೆಯೂ ಸೇರಿದೆ.

ಇವುಗಳಲ್ಲಿ ಬಹಳಷ್ಟನ್ನು ನೇರವಾಗಿ ನ್ಯಾಯಾಲಯಕ್ಕೆ ಒಯ್ದು ಜಾರಿ ಮಾಡಿಸಲು ಆಗುವುದಿಲ್ಲ. ನಿಮ್ಮ ಕೈಯಲ್ಲಿ ನಿಜವಾಗಿ ಕೆಲಸ ಮಾಡುವ ದಾಖಲೆ ನಿಮ್ಮ ವಿಶ್ವವಿದ್ಯಾಲಯದ್ದೇ ನಿಯಮಾವಳಿ, ಪರೀಕ್ಷಾ ವಿನಿಯಮ, ಕೋರ್ಸಿನ ಕೈಪಿಡಿ. ಅಂತರರಾಷ್ಟ್ರೀಯ ಘೋಷಣೆಗಳನ್ನು ದೂರಿನ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಸಾಕು. ಅವುಗಳಿಂದಲೇ ಶುರುಮಾಡಿದ ದೂರನ್ನು ಓದುವ ಅಧಿಕಾರಿ, ಹೇಳಿಕೊಳ್ಳಲು ಬೇರೇನೂ ಇಲ್ಲವೇನೋ ಎಂದುಕೊಳ್ಳುತ್ತಾರೆ.

ಮೊದಲು ಅಂಕದ ವಿಷಯ

1967ರ ಹೇಳಿಕೆಯಲ್ಲಿ ನಿಮಗೆ ಅತಿ ಮುಖ್ಯವಾದ ಮಾತಿಗೆ ಎರಡು ಅರ್ಧಗಳಿವೆ. ಯಾವುದೇ ಕೋರ್ಸಿನಲ್ಲಿ ಕೊಟ್ಟ ಮಾಹಿತಿಯನ್ನೋ ಅಭಿಪ್ರಾಯವನ್ನೋ ವಿದ್ಯಾರ್ಥಿ ಕಾರಣಸಹಿತವಾಗಿ ಒಪ್ಪದಿರಬಹುದು, ಅಭಿಪ್ರಾಯದ ವಿಷಯಗಳಲ್ಲಿ ತೀರ್ಮಾನಕ್ಕೆ ಬರದೆಯೂ ಇರಬಹುದು. ಇದು ಮೊದಲರ್ಧ. ಆದರೆ ಸೇರಿದ ಕೋರ್ಸಿನ ವಿಷಯವನ್ನು ಕಲಿಯುವ ಹೊಣೆ ಅವನದೇ. ಇದು ಎರಡನೆಯದು. ಹೆಚ್ಚಿನ ವಿದ್ಯಾರ್ಥಿಗಳು ಸೋಲುವುದು ಎರಡನೆಯ ಅರ್ಧದಲ್ಲಿ. ಆದ್ದರಿಂದ ದೂರು ಬರೆಯುವ ಮುಂಚೆ ನಿಮ್ಮ ಪ್ರಬಂಧವನ್ನೇ ಕಟ್ಟುನಿಟ್ಟಾಗಿ ಇನ್ನೊಮ್ಮೆ ಓದಿ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ಪೈಪೋಟಿಯ ಮಾರುಕಟ್ಟೆಯಲ್ಲಿ ಸಮತೋಲನದ ಕೂಲಿಗಿಂತ ಮೇಲೆ ಕನಿಷ್ಠ ವೇತನ ಇಟ್ಟರೆ ಮಾಲೀಕರು ಕಡಿಮೆ ಜನರನ್ನು ಇಟ್ಟುಕೊಳ್ಳುತ್ತಾರೆ ಎಂಬುದು ಪಠ್ಯದ ಮಾದರಿ. ಅದನ್ನು ಒಪ್ಪದ ಒಬ್ಬ ವಿದ್ಯಾರ್ಥಿ, ‘ಇದು ಮಾಲೀಕರ ಪರವಾದ ಸುಳ್ಳು’ ಎಂದು ಬರೆದು, ಬಡವರ ಕಷ್ಟದ ಬಗ್ಗೆ ಎರಡು ಪುಟ ತುಂಬಿಸಿ ಮುಗಿಸುತ್ತಾನೆ. ಇನ್ನೊಬ್ಬಳು ಆ ಮಾದರಿಯನ್ನು ಚಿತ್ರ ಸಮೇತ ಸರಿಯಾಗಿ ವಿವರಿಸಿ, ಅದು ಯಾವ ಊಹೆಗಳ ಮೇಲೆ ನಿಂತಿದೆ ಎಂದು ಹೇಳುತ್ತಾಳೆ. ಕೂಲಿಯನ್ನು ತಾನೇ ನಿಗದಿಮಾಡುವಷ್ಟು ಬಲ ಮಾಲೀಕನಿಗೆ ಇದ್ದಾಗ ಫಲಿತಾಂಶ ತಿರುಗುಮುರುಗಾಗಬಹುದು ಎಂದು ಸಿದ್ಧಾಂತದ ಮೂಲಕ ತೋರಿಸುತ್ತಾಳೆ. ನಂತರ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬರುತ್ತಾಳೆ: 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ವೇತನವನ್ನು 5.05ಕ್ಕೆ ಏರಿಸಿದಾಗ, ಅಲ್ಲಿನ ಮತ್ತು ಪಕ್ಕದ ಪೆನ್ಸಿಲ್ವೇನಿಯಾದ ಒಟ್ಟು 410 ಫಾಸ್ಟ್‌ಫುಡ್ ಮಳಿಗೆಗಳನ್ನು ಹೋಲಿಸಿ, ಉದ್ಯೋಗ ಕುಸಿದದ್ದು ಕಾಣಲಿಲ್ಲ ಎಂದು ಅವರು ಹೇಳಿದರು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ 2000ದಲ್ಲಿ ವೇತನ ಪಟ್ಟಿಯ ದತ್ತಾಂಶ ಹಿಡಿದು ಇದನ್ನು ಪ್ರಶ್ನಿಸಿದ್ದನ್ನೂ, ಕಾರ್ಡ್ ಮತ್ತು ಕ್ರೂಗರ್ ಅದಕ್ಕೆ ಉತ್ತರ ಕೊಟ್ಟದ್ದನ್ನೂ ಅವಳು ಮುಚ್ಚಿಡುವುದಿಲ್ಲ. ಕೊನೆಗೆ ತನ್ನ ನಿಲುವು ಹೇಳುತ್ತಾಳೆ.

ಇಬ್ಬರ ತೀರ್ಮಾನವೂ ಒಂದೇ. ಮೊದಲನೆಯವನಿಗೆ 9 ಬಂದರೆ ಅದು ಪೂರ್ವಗ್ರಹ ಎಂದು ಯಾವ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಎರಡನೆಯವಳಿಗೆ 9 ಬಂದು, ಕಾರಣವಾಗಿ ‘ತರಗತಿಯಲ್ಲಿ ಹೇಳಿದ್ದಕ್ಕೆ ವಿರುದ್ಧ’ ಎಂದಷ್ಟೇ ಇದ್ದರೆ ಅದು ಮೇಲ್ಮನವಿಗೆ ಅರ್ಹವಾದ ಪ್ರಕರಣ. ಪ್ರಾಧ್ಯಾಪಕರು ನಿಮ್ಮ ತರ್ಕಕ್ಕೆ, ಆಕರಕ್ಕೆ, ಲೆಕ್ಕಕ್ಕೆ, ಬರವಣಿಗೆಗೆ ಅಂಕ ಕಡಿಯಬಹುದು. ತೀರ್ಮಾನ ತಮಗೆ ಹಿಡಿಸಲಿಲ್ಲ ಎಂದು ಕಡಿಯುವಂತಿಲ್ಲ.

ಇಲ್ಲಿ ಪರೀಕ್ಷೆಗೂ ಪ್ರಬಂಧಕ್ಕೂ ಇರುವ ವ್ಯತ್ಯಾಸ ಗಮನಿಸಿ. ‘ಪೈಪೋಟಿಯ ಮಾರುಕಟ್ಟೆಯ ಮಾದರಿಯ ಪ್ರಕಾರ ವಿವರಿಸಿ’ ಎಂದು ಕೇಳಿದ ಪ್ರಶ್ನೆಗೆ ಆ ಮಾದರಿಯನ್ನೇ ಬರೆಯಬೇಕು. ಅದನ್ನು ನೀವು ನಂಬುತ್ತೀರಾ ಎಂದು ಯಾರೂ ಕೇಳಿಲ್ಲ. ಅಲ್ಲಿ ಮಾದರಿಯನ್ನು ಬಿಟ್ಟು ಟೀಕೆ ಮಾತ್ರ ಬರೆದರೆ ಅಂಕ ಹೋಗುವುದು ಸಹಜ. ‘ವಿಮರ್ಶಿಸಿ’, ‘ಚರ್ಚಿಸಿ’ ಎಂದಿದ್ದರೆ, ಅಥವಾ ಸ್ವತಂತ್ರ ಪ್ರಬಂಧವಾಗಿದ್ದರೆ, ಒಪ್ಪದಿರುವ ಹಕ್ಕು ಪೂರ್ತಿ ಇದೆ. ನಿಮ್ಮ ಪ್ರಬಂಧಕ್ಕೆ ಕೊಟ್ಟಿದ್ದ ಪ್ರಶ್ನೆಯ ಕ್ರಿಯಾಪದ ಯಾವುದಿತ್ತು ಎಂದು ಮೊದಲು ನೋಡಿಕೊಳ್ಳಿ.

ಈಗ ಕ್ರಮ. ದೂರು ಕೊಡುವ ಮೊದಲು ಅಂಕ ಹೇಗೆ ಬಂತು ಎಂದು ತಿಳಿದುಕೊಳ್ಳಬೇಕು. ಕೋರ್ಸ್ ಆರಂಭದಲ್ಲಿ ಕೊಟ್ಟ ಮೌಲ್ಯಮಾಪನದ ಮಾನದಂಡ ಹುಡುಕಿ ತೆಗೆಯಿರಿ. ಉದಾಹರಣೆಗೆ ವಾದಕ್ಕೆ 8, ಆಕರಗಳಿಗೆ 4, ರಚನೆಗೆ 4, ಭಾಷೆಗೆ 4 ಎಂದಿದೆ ಎನ್ನೋಣ. ನಿಮ್ಮ 9 ಈ ನಾಲ್ಕರಲ್ಲಿ ಹೇಗೆ ಹಂಚಿದೆ? ಆಕರ, ರಚನೆ, ಭಾಷೆ ಮೂರರಲ್ಲೂ ಪೂರ್ತಿ ಬಂದಿದ್ದರೆ ಅಲ್ಲಿಗೇ 12 ಆಗಬೇಕಿತ್ತು. ಹಾಗಾದರೆ 9 ಎಂಬುದಕ್ಕೆ ವಿವರಣೆ ಬೇಕೇ ಬೇಕು. ಹಂಚಿಕೆಯೇ ದಾಖಲಾಗಿಲ್ಲದಿದ್ದರೆ ಅದೇ ಒಂದು ಕ್ರಮಲೋಪ.

ಆಮೇಲೆ ಪ್ರಾಧ್ಯಾಪಕರನ್ನು ಭೇಟಿಮಾಡಿ. ಈ ಮೆಟ್ಟಿಲನ್ನು ಬಿಟ್ಟು ನೇರವಾಗಿ ಮೇಲೆ ಹೋದ ದೂರುಗಳನ್ನು ‘ಮೊದಲು ಅವರ ಹತ್ತಿರ ಮಾತಾಡಿ ಬನ್ನಿ’ ಎಂದು ವಾಪಸ್ ಕಳಿಸುವುದು ಸಾಮಾನ್ಯ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ‘ಸರ್, ನನಗೆ ಯಾಕೆ ಕಡಿಮೆ ಅಂಕ ಕೊಟ್ರಿ’ ಎಂದು ಕೇಳಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ‘ಸರ್, ಇದೇ ತೀರ್ಮಾನ ಇಟ್ಟುಕೊಂಡು ಈ ಪ್ರಬಂಧವನ್ನು 15 ಅಂಕಕ್ಕೆ ಏರಿಸಬೇಕಾದರೆ ಏನು ಬದಲಾಗಬೇಕು?’ ಎಂದು ಕೇಳಿ. ಉತ್ತರದಲ್ಲಿ ಆಕರ, ತರ್ಕದ ಮಾತು ಬಂದರೆ ನಿಮಗೆ ಕಲಿಯುವುದಿದೆ ಎಂದರ್ಥ. ‘ಆ ತೀರ್ಮಾನವೇ ತಪ್ಪು’ ಎಂಬುದಷ್ಟೇ ಬಂದರೆ ನಿಮ್ಮ ದೂರಿಗೆ ಆಧಾರ ಸಿಕ್ಕಿದಂತೆ. ಭೇಟಿಯಾದ ದಿನವೇ ಒಂದು ವಿನಯದ ಇಮೇಲ್ ಕಳಿಸಿ: ಸಮಯ ಕೊಟ್ಟದ್ದಕ್ಕೆ ಧನ್ಯವಾದ, ತಾವು ಹೇಳಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ. ಗುಟ್ಟಾಗಿ ಧ್ವನಿ ರೆಕಾರ್ಡ್ ಮಾಡುವುದಕ್ಕಿಂತ ಈ ಇಮೇಲ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗುಟ್ಟಿನ ರೆಕಾರ್ಡಿಂಗ್ ಹಲವೆಡೆ ನಿಯಮಬಾಹಿರ, ಮತ್ತು ಚರ್ಚೆ ಅಂಕವನ್ನು ಬಿಟ್ಟು ನಿಮ್ಮ ನಡತೆಯ ಕಡೆಗೆ ತಿರುಗಿಬಿಡುತ್ತದೆ.

ಅಲ್ಲಿ ಬಗೆಹರಿಯದಿದ್ದರೆ ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಮನವಿ. ಇಲ್ಲಿ ಒಂದು ಸಂಗತಿ ಚೆನ್ನಾಗಿ ತಿಳಿದಿರಬೇಕು: ವಿದ್ವತ್ತಿನ ತೀರ್ಮಾನವನ್ನು ಹೊರಗಿನವರು ತಿದ್ದುವುದಿಲ್ಲ, ಕ್ರಮದಲ್ಲಿ ಆದ ತಪ್ಪನ್ನು ತಿದ್ದುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1978ರ ಹೊರೊವಿಟ್ಜ್ ಪ್ರಕರಣದಲ್ಲೂ 1985ರ ಯೂಯಿಂಗ್ ಪ್ರಕರಣದಲ್ಲೂ ಬೋಧಕರು ಮಾಡಿದ ಶೈಕ್ಷಣಿಕ ಮೌಲ್ಯಮಾಪನದಲ್ಲಿ ಕೈಹಾಕಲು ಹಿಂಜರಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿದ್ಯಾರ್ಥಿ ದೂರುಗಳಿಗೆಂದೇ ಸ್ವತಂತ್ರ ವ್ಯವಸ್ಥೆ ರೂಪಿಸಿದ 2004ರ ಕಾನೂನು ಕೂಡ ವಿದ್ವತ್ತಿನ ತೀರ್ಮಾನಕ್ಕೆ ಸಂಬಂಧಪಟ್ಟ ದೂರನ್ನು ಹೊರಗಿಟ್ಟಿದೆ. ಇದು ನಿಮಗೆ ಅನ್ಯಾಯ ಎನಿಸಬಹುದು, ಆದರೆ ಇದೇ ನಿಯಮ ನಾಳೆ ಒಬ್ಬ ಮಂತ್ರಿಯೋ ದಾನಿಯೋ ನಿಮ್ಮ ಪ್ರಬಂಧದ ಅಂಕವನ್ನು ಬದಲಾಯಿಸದಂತೆ ತಡೆಯುವುದು. ಹಾಗಾಗಿ ‘ನನ್ನ ಪ್ರಬಂಧಕ್ಕೆ 16 ಬರಬೇಕಿತ್ತು’ ಎಂದು ಬರೆದ ಮನವಿ ಅಲ್ಲೇ ಮುಗಿಯುತ್ತದೆ. ‘ಮಾನದಂಡದಲ್ಲಿ ಇಲ್ಲದ ಕಾರಣಕ್ಕೆ ಅಂಕ ಕಡಿಯಲಾಗಿದೆ’ ಎಂಬ ಮನವಿಯನ್ನು ಪಕ್ಕಕ್ಕೆ ತಳ್ಳುವುದು ಅಷ್ಟು ಸುಲಭವಲ್ಲ.

ಮನವಿಯ ಮುಖ್ಯ ಭಾಗ ಇಷ್ಟು ಚಿಕ್ಕದಾಗಿರಲಿ:

‘ನಾನು ಸಲ್ಲಿಸಿದ ಸೆಮಿನಾರ್ ಪ್ರಬಂಧಕ್ಕೆ 20ಕ್ಕೆ 9 ಅಂಕ ಬಂದಿದೆ. ಕೋರ್ಸಿನ ಕೈಪಿಡಿಯಲ್ಲಿರುವ ಮಾನದಂಡದಂತೆ ವಾದ, ಆಕರ, ರಚನೆ, ಭಾಷೆ ಎಂಬ ನಾಲ್ಕು ಭಾಗಗಳಿಗೆ ಪ್ರತ್ಯೇಕ ಅಂಕ ಕೊಡಬೇಕು. ಪ್ರಬಂಧದ ಮೇಲೆ ಈ ಹಂಚಿಕೆ ದಾಖಲಾಗಿಲ್ಲ. ದಾಖಲಾಗಿರುವ ಒಂದೇ ಷರಾ “ತರಗತಿಯಲ್ಲಿ ಹೇಳಿದ್ದಕ್ಕೆ ವಿರುದ್ಧ” ಎಂಬುದು. ಇದು ಮಾನದಂಡದಲ್ಲಿ ಇಲ್ಲದ ಕಾರಣ. ಪ್ರಬಂಧದ 2 ಮತ್ತು 3ನೇ ಪುಟಗಳಲ್ಲಿ ತರಗತಿಯಲ್ಲಿ ಕಲಿಸಿದ ಮಾದರಿಯನ್ನು ವಿವರಿಸಿದ್ದೇನೆ. ಮೊದಲಿನ ಅಂಕ ಮತ್ತು ಷರಾ ಕಾಣದಂತೆ, ಬೇರೊಬ್ಬ ಬೋಧಕರಿಂದ ನಿಗದಿತ ಮಾನದಂಡದಂತೆ ಈ ಪ್ರಬಂಧವನ್ನು ಮೌಲ್ಯಮಾಪನ ಮಾಡಿಸಬೇಕೆಂದು ಕೋರುತ್ತೇನೆ.’

ಜೊತೆಗೆ ಷರಾ ಇರುವ ಪುಟದ ಪ್ರತಿ, ಮಾನದಂಡದ ಪ್ರತಿ, ಪ್ರಶ್ನೆಯ ಪ್ರತಿ, ನೀವು ಕಳಿಸಿದ ಇಮೇಲ್. ಸ್ವೀಕೃತಿ ಪಡೆಯದೆ ಕೈಯಲ್ಲಿ ಕೊಟ್ಟು ಬರಬೇಡಿ. ಪ್ರಬಂಧದ ಮೂಲ ಪ್ರತಿಯನ್ನಂತೂ ಯಾರಿಗೂ ಒಪ್ಪಿಸಬೇಡಿ, ಆ ಒಂದು ಸಾಲೇ ನಿಮ್ಮ ಆಧಾರ.

ಎಲ್ಲಿ ಕೆಡುತ್ತದೆ? ಎಲ್ಲಕ್ಕಿಂತ ಹೆಚ್ಚಾಗಿ ಗಡುವಿನಲ್ಲಿ. ಮೇಲ್ಮನವಿಯ ದಿನಗಳನ್ನು ಸಾಮಾನ್ಯವಾಗಿ ಫಲಿತಾಂಶ ಬಂದ ದಿನದಿಂದ ಎಣಿಸುತ್ತಾರೆ, ನೀವು ಮಾತುಕತೆ ಮುಗಿಸಿದ ದಿನದಿಂದ ಅಲ್ಲ. ಮಾತುಕತೆ ನಡೆಯುತ್ತಿದ್ದರೂ ಗಡುವಿನೊಳಗೆ ಒಂದು ಮನವಿ ಹಾಕಿಡಿ. ಇನ್ನೊಂದು ಕೆಡುವ ಜಾಗ ಹೋಲಿಕೆ: ‘ನನಗಿಂತ ಕೆಟ್ಟದಾಗಿ ಬರೆದ ಗೆಳೆಯನಿಗೆ 14’ ಎಂದರೆ ನೀವೇ ಮೌಲ್ಯಮಾಪಕರಾದಿರಿ. ಹತ್ತು ಜನರು ಪ್ರಾಧ್ಯಾಪಕರ ನಿಲುವನ್ನು ಒಪ್ಪದೆ ಬರೆದು ಹತ್ತೂ ಜನರಿಗೆ ಕಡಿಮೆ ಬಂದಿದ್ದರೆ ಅದು ಬೇರೆ ಮಾತು, ಅದನ್ನು ಎಲ್ಲರ ಸಹಿಯೊಂದಿಗೆ ಹೇಳಬಹುದು. ಪ್ರಾಧ್ಯಾಪಕರ ರಾಜಕೀಯ, ಜಾತಿ, ಸ್ವಭಾವದ ಬಗ್ಗೆ ಒಂದು ಮಾತು ಸೇರಿದರೂ ಸಮಿತಿಯ ಗಮನ ಅಂಕದಿಂದ ಆ ಮಾತಿಗೆ ಹೋಗುತ್ತದೆ. ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಯಾವುದು ಅಂತಿಮ ಎಂಬ ನಿಯಮವನ್ನೂ ಅರ್ಜಿ ಹಾಕುವ ಮೊದಲೇ ಓದಿಕೊಳ್ಳಿ.

ಡಿಸರ್ಟೇಶನ್

ಗೈಡ್ ಬೇಡ ಎಂದದ್ದು ಏಕೆ ಎಂದು ನೀವು ಬರೆದಿಲ್ಲ, ಉತ್ತರ ಪೂರ್ತಿ ಅದರ ಮೇಲೆ ನಿಂತಿದೆ. ಆ ವಿಷಯದಲ್ಲಿ ತಮಗೆ ಪರಿಣತಿ ಇಲ್ಲ, ದತ್ತಾಂಶ ಸಿಗುವುದಿಲ್ಲ, ಇರುವ ತಿಂಗಳುಗಳಲ್ಲಿ ಮುಗಿಯುವುದಿಲ್ಲ, ಜನರನ್ನು ಸಂದರ್ಶಿಸಲು ನೈತಿಕ ಅನುಮತಿ ಬೇಕು ಎಂಬ ಕಾರಣಗಳು ನ್ಯಾಯವಾದವು. ಪರಿಣತಿ ಇಲ್ಲದ ಗೈಡ್ ಮುಲಾಜಿಗೆ ಒಪ್ಪಿಕೊಂಡರೆ ಹಾಳಾಗುವುದು ನಿಮ್ಮ ವರ್ಷ. ತೀರ್ಮಾನ ಇಂಥದ್ದೇ ಬರಬೇಕು ಎಂಬ ಷರತ್ತು, ಅಥವಾ ಈ ಪ್ರಶ್ನೆಯನ್ನೇ ಕೇಳಬಾರದು ಎಂಬ ಮಾತು ನ್ಯಾಯವಲ್ಲ.

ಇಂಥ ಕಡೆ ಬಹಳ ಸಲ ತೊಡಕಾಗುವುದು ವಿದ್ಯಾರ್ಥಿ ಶೀರ್ಷಿಕೆ ಇಡುವ ರೀತಿ. ‘ಕನಿಷ್ಠ ವೇತನದಿಂದ ಉದ್ಯೋಗ ನಷ್ಟವಿಲ್ಲ: ಒಂದು ಅಧ್ಯಯನ’ ಎಂದರೆ ಅಧ್ಯಯನಕ್ಕೂ ಮೊದಲೇ ಫಲಿತಾಂಶ ಬಂದಂತಾಯಿತು. ಅದನ್ನು ಬೇಡವೆನ್ನುವ ಗೈಡ್ ವಿಧಾನದ ದೃಷ್ಟಿಯಿಂದ ಸರಿಯೇ. ಅದೇ ವಿಷಯವನ್ನು ‘ಕನಿಷ್ಠ ವೇತನ ಬದಲಾದಾಗ ಸಣ್ಣ ಮಳಿಗೆಗಳಲ್ಲಿ ಉದ್ಯೋಗ ಹೇಗೆ ಬದಲಾಯಿತು?’ ಎಂದು ಪ್ರಶ್ನೆಯಾಗಿ ಇಡಿ. ಒಂದೂವರೆ ಪುಟದ ಟಿಪ್ಪಣಿ ಮಾಡಿ: ಪ್ರಶ್ನೆ, ಈವರೆಗೆ ಎರಡೂ ಕಡೆಯ ಮುಖ್ಯ ಕೆಲಸಗಳು, ಯಾವ ದತ್ತಾಂಶ ಎಲ್ಲಿಂದ, ಯಾವ ವಿಧಾನ, ತಿಂಗಳ ವೇಳಾಪಟ್ಟಿ, ಮತ್ತು ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪಾಯಿತು ಎಂದು ಒಪ್ಪುತ್ತೀರಿ ಎಂಬುದು. ಈ ಕೊನೆಯ ಅಂಶ ಬರೆದಿದ್ದರೆ, ನೀವು ಪ್ರಚಾರಕ್ಕೆ ಹೊರಟಿದ್ದೀರಿ ಎಂಬ ಶಂಕೆ ಬಹುಮಟ್ಟಿಗೆ ಹೋಗುತ್ತದೆ.

ಆಮೇಲೂ ಕಾರಣ ಹೇಳದೆ ನಿರಾಕರಿಸಿದರೆ ಗೈಡ್ ಬದಲಾವಣೆಗೆ ಕೇಳಿ. ಆದರೆ ಹೊಸ ಗೈಡ್ ಒಪ್ಪಿಕೊಂಡಿದ್ದಾರೆಂದು ಖಚಿತವಾದ ಮೇಲೆ ಅರ್ಜಿ ಹಾಕಿ. ಮೊದಲೇ ಬಿಟ್ಟುಬಂದು ವಿಭಾಗದಲ್ಲಿ ಯಾರೂ ಸಿಗದೆ ಅವಧಿ ಕಳೆದುಕೊಂಡವರ ಪಾಡು ಕಷ್ಟ. ಮನವಿಯಲ್ಲಿ ಹಳೆಯ ಗೈಡ್ ಬಗ್ಗೆ ದೂರು ಬೇಡ, ವಿಷಯದ ಪರಿಣತಿ ಎಂಬ ಒಂದೇ ಕಾರಣ ಸಾಕು.

ಮುಂದೆ ಇದು ಪ್ರಕಟಣೆಯಾದರೆ ಹೆಸರಿನ ಪ್ರಶ್ನೆ ಬರುತ್ತದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾನದಂಡವನ್ನು ಬೇರೆ ಶಾಸ್ತ್ರಗಳವರೂ ನೋಡುತ್ತಾರೆ: ಕೆಲಸದಲ್ಲಿ ಗಣನೀಯ ಪಾಲು, ಬರಹವನ್ನು ರಚಿಸುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇದ್ದವರು ಲೇಖಕರು. ಗೈಡ್ ಎಂಬ ಸ್ಥಾನಮಾತ್ರದಿಂದ ಹೆಸರು ಸೇರಬೇಕಾಗಿಲ್ಲ, ನಿಮ್ಮ ಹೆಸರು ಬಿಟ್ಟು ಹೋಗುವಂತೆಯೂ ಇಲ್ಲ. ಈ ಮಾತನ್ನು ಕೆಲಸ ಶುರುವಾಗುವಾಗಲೇ ಆಡಿ, ಇಮೇಲ್‌ನಲ್ಲಿ ದಾಖಲಿಸಿಕೊಳ್ಳಿ.

ರದ್ದಾದ ಹಾಲ್

ತಮಗೆ ಬೇಕಾದ ಯಾರನ್ನೇ ಆದರೂ ಕರೆಸಿ ಕೇಳುವ ಅವಕಾಶ ವಿದ್ಯಾರ್ಥಿಗಳಿಗೆ ಇರಬೇಕು, ಜಾಗ ಕೊಡುವ ಅಧಿಕಾರವನ್ನು ಸೆನ್ಸಾರ್ ಮಾಡುವ ಉಪಾಯವಾಗಿ ಬಳಸಬಾರದು ಎಂದು 1967ರ ಹೇಳಿಕೆ ಹೇಳುತ್ತದೆ. ಆಡಳಿತ ನಿಯಮ ಮಾಡಬಹುದು: ಇಷ್ಟು ದಿನ ಮುಂಚೆ ಅರ್ಜಿ, ಇಷ್ಟು ಜನ, ಇಷ್ಟು ಗಂಟೆಯೊಳಗೆ ಮುಗಿಯಬೇಕು. ಆ ನಿಯಮ ಎಲ್ಲ ಬಳಗಗಳಿಗೂ ಒಂದೇ ಇರಬೇಕು, ಭಾಷಣದ ವಿಷಯ ನೋಡಿ ಬದಲಾಗಬಾರದು. 1972ರ ಹೀಲಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಗೆರೆ ಎಳೆಯಿತು: ವಿದ್ಯಾರ್ಥಿ ಸಂಘಟನೆಯ ವಿಚಾರ ಹಿಡಿಸಲಿಲ್ಲ ಎಂದು ಸರ್ಕಾರಿ ಕಾಲೇಜು ಮಾನ್ಯತೆ ನಿರಾಕರಿಸುವಂತಿಲ್ಲ, ಆದರೆ ಆವರಣದ ನ್ಯಾಯವಾದ ನಿಯಮಗಳನ್ನು ಪಾಲಿಸುತ್ತೇವೆ ಎಂಬ ಒಪ್ಪಿಗೆ ಕೇಳಬಹುದು.

ಆದ್ದರಿಂದ ನಿಮ್ಮ ಮೊದಲ ಪತ್ರದಲ್ಲಿ ಆಕ್ಷೇಪ ಬೇಡ, ಮೂರು ಪ್ರಶ್ನೆ ಸಾಕು. ರದ್ದು ಮಾಡಿದ ಕಾರಣ ಮತ್ತು ಆದೇಶ ಮಾಡಿದ ಅಧಿಕಾರಿ ಯಾರು ಎಂದು ಲಿಖಿತವಾಗಿ ತಿಳಿಸುವಿರಾ? ಯಾವ ನಿಯಮದಡಿ ರದ್ದಾಯಿತು? ಬದಲಿ ದಿನ ಯಾವುದು? ಬಾಯಿಮಾತಿನಲ್ಲಿ ರದ್ದು ಮಾಡಿದವರು ಬರವಣಿಗೆಯಲ್ಲಿ ಕಾರಣ ಕೊಡಬೇಕಾದಾಗ ಬದಲಿ ದಿನ ಕೊಟ್ಟುಬಿಡುವುದೂ ಉಂಟು. ಭದ್ರತೆಯ ಕಾರಣ ಹೇಳಿದರೆ, ಬೆದರಿಕೆ ಬಂದಿದೆಯೇ, ದೊಡ್ಡ ಹಾಲ್ ಅಥವಾ ಗುರುತಿನ ಚೀಟಿ ತಪಾಸಣೆಯಿಂದ ಸರಿಹೋಗುತ್ತದೆಯೇ ಎಂದು ಕೇಳಿ. ಗಲಾಟೆ ಮಾಡುತ್ತೇವೆ ಎಂದವರ ಕಾರಣಕ್ಕೆ ಮಾತಾಡುವವರನ್ನು ನಿಲ್ಲಿಸಿದರೆ, ಯಾವ ಸಭೆಯನ್ನಾದರೂ ಒಂದು ಬೆದರಿಕೆಯಿಂದ ನಿಲ್ಲಿಸಬಹುದು ಎಂದಾಗುತ್ತದೆ. ಅದೇ ತಿಂಗಳು ಬೇರೆ ಬಳಗಗಳಿಗೆ ಅದೇ ಹಾಲ್ ಯಾವ ಷರತ್ತಿನ ಮೇಲೆ ಸಿಕ್ಕಿತು ಎಂಬ ವಿವರ ಕಲೆಹಾಕಿ. ಅಂಕದ ವಿಷಯದಲ್ಲಿ ಬೇಡವೆಂದ ಹೋಲಿಕೆ ಇಲ್ಲಿ ನಿಮ್ಮ ಅತ್ಯುತ್ತಮ ಸಾಕ್ಷಿ, ಏಕೆಂದರೆ ಇಲ್ಲಿ ಕೇಳುವುದು ನಿಯಮ ಎಲ್ಲರಿಗೂ ಒಂದೇ ಇತ್ತೇ ಎಂಬುದನ್ನು.

ಆಹ್ವಾನ ಪತ್ರಿಕೆಯಲ್ಲೇ ‘ಉಪನ್ಯಾಸಕರ ಅಭಿಪ್ರಾಯಗಳು ಅವರವು, ಬಳಗದ್ದಾಗಲಿ ವಿಶ್ವವಿದ್ಯಾಲಯದ್ದಾಗಲಿ ಅಲ್ಲ’ ಎಂದು ಮುದ್ರಿಸಿದರೆ ಆಡಳಿತದ ಅರ್ಧ ಆತಂಕ ಅಲ್ಲೇ ಕಳೆಯುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ 1967ರ ಕ್ಯಾಲ್ವೆನ್ ವರದಿ ಇದನ್ನೇ ತತ್ವವಾಗಿ ಹೇಳಿತು: ಭಿನ್ನಮತ ಬೋಧಕ ಅಥವಾ ವಿದ್ಯಾರ್ಥಿ ವ್ಯಕ್ತಿಯದು, ವಿಶ್ವವಿದ್ಯಾಲಯ ಅಂಥವರ ಮನೆ. ನಿಮ್ಮ ಸಭೆಗೆ ಒಪ್ಪದವರೂ ಬರಲಿ, ಪ್ರಶ್ನೆಗಳಿಗೆ ಕನಿಷ್ಠ ಮೂರನೇ ಒಂದು ಭಾಗ ಸಮಯ ಮೀಸಲಿಡಿ. ಹೊರಗೆ ಫಲಕ ಹಿಡಿದು ನಿಲ್ಲುವುದು ಅವರ ಹಕ್ಕು, ಮಾತು ಕೇಳಿಸದಂತೆ ಕೂಗುವುದು ಹಕ್ಕಲ್ಲ. ನಾಳೆ ನಿಮಗೆ ಹಿಡಿಸದ ಉಪನ್ಯಾಸಕರು ಬಂದಾಗ ನೀವೂ ಇದೇ ನಿಯಮಕ್ಕೆ ಕಟ್ಟುಬೀಳಬೇಕಾಗುತ್ತದೆ.

ಪ್ರತೀಕಾರದ ಭಯ

ದೂರು ಕೊಟ್ಟರೆ ಶಿಸ್ತುಕ್ರಮ ಬರುತ್ತದೇನೋ ಎಂಬ ಭಯ ಹಲವರಿಗೆ ಇರುತ್ತದೆ. ಬಂದರೆ ಕೇಳಬೇಕಾದದ್ದು ಇಷ್ಟು: ಆರೋಪ ಬರವಣಿಗೆಯಲ್ಲಿ, ಯಾವ ನಿಯಮ ಮುರಿದಿದ್ದೀರಿ ಎಂಬ ಉಲ್ಲೇಖ, ಉತ್ತರಕ್ಕೆ ಸಾಕಷ್ಟು ಸಮಯ, ಸಾಕ್ಷಿ ನೋಡುವ ಅವಕಾಶ, ಜೊತೆಗೊಬ್ಬ ಸಲಹೆಗಾರ, ಪ್ರಕರಣದಲ್ಲಿ ಪಾಲಿಲ್ಲದವರ ಸಮಿತಿ, ಮೇಲ್ಮನವಿ. ಸಾಬೀತು ಮಾಡುವ ಹೊಣೆ ಆರೋಪ ಹೊರಿಸಿದವರದು. 1961ರ ಡಿಕ್ಸನ್ ಪ್ರಕರಣದಲ್ಲಿ, ವರ್ಣಭೇದದ ವಿರುದ್ಧ ಧರಣಿ ಕೂತಿದ್ದಕ್ಕೆ ಅಲಬಾಮಾ ಸ್ಟೇಟ್ ಕಾಲೇಜಿನಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳ ಬಗ್ಗೆ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ, ನೋಟಿಸ್ ಮತ್ತು ವಿಚಾರಣೆ ಇಲ್ಲದೆ ಸರ್ಕಾರಿ ಕಾಲೇಜು ಹೊರಹಾಕುವಂತಿಲ್ಲ ಎಂದಿತು. ನೋಟಿಸ್ ಬಂದ ದಿನವೇ ಕೋಪದಲ್ಲಿ ಉತ್ತರ ಬರೆಯಬೇಡಿ, ಕ್ಷಮಾಪಣೆಯನ್ನೂ ಬರೆಯಬೇಡಿ. ಆರೋಪದ ಪ್ರತಿ ಮತ್ತು ಸಮಯ ಕೇಳುವ ಎರಡು ಸಾಲು ಮಾತ್ರ ಕಳಿಸಿ.

ಸ್ವಾತಂತ್ರ್ಯದ ಹೆಸರಿನಲ್ಲಿ ರಕ್ಷಣೆ ಸಿಗದ ಕೆಲಸಗಳೂ ಇವೆ: ಬೇರೆಯವರ ಬರಹ ಕದಿಯುವುದು, ದತ್ತಾಂಶ ಸೃಷ್ಟಿಸುವುದು, ಪಾಠ ನಡೆಯದಂತೆ ಮಾಡುವುದು, ಸಹಪಾಠಿಗೆ ಕಿರುಕುಳ. ಪ್ರಬಂಧದಲ್ಲಿ ಒಂದು ಪ್ಯಾರಾ ಆಕರ ಹೇಳದೆ ಎತ್ತಿಕೊಂಡಿದ್ದರೂ ಪೂರ್ವಗ್ರಹದ ನಿಮ್ಮ ವಾದ ಅಲ್ಲಿಗೆ ಮುಗಿಯುತ್ತದೆ, ಅದನ್ನೂ ದೂರಿಗೆ ಮೊದಲೇ ಪರೀಕ್ಷಿಸಿಕೊಳ್ಳಿ.

ಕೊನೆಯದಾಗಿ ಅನುಕ್ರಮ. ಇವತ್ತೇ ಮೇಲ್ಮನವಿಯ ಗಡುವು ನೋಡಿ, ಪ್ರಬಂಧದ ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಈ ವಾರದೊಳಗೆ ಪ್ರಾಧ್ಯಾಪಕರ ಭೇಟಿ ಮತ್ತು ಇಮೇಲ್. ಹಾಲ್‌ಗೆ ಸಂಬಂಧಿಸಿದ ಪತ್ರವನ್ನು ಬಳಗದ ಬೇರೊಬ್ಬ ಸದಸ್ಯರ ಸಹಿಯಲ್ಲಿ, ಬೇರೆ ಕಾಗದದಲ್ಲಿ ಕಳಿಸಿ. ಡಿಸರ್ಟೇಶನ್ ಟಿಪ್ಪಣಿಯನ್ನು ಅಂಕದ ಮನವಿ ಇತ್ಯರ್ಥವಾಗುವವರೆಗೆ ಕಾಯಿ‌ಸದೆ ಈಗಲೇ ಗೈಡ್‌ಗೆ ಕೊಡಿ. ಅಂಕ ಕೊಟ್ಟವರೂ ಗೈಡ್ ಕೂಡ ಒಬ್ಬರೇ ಪ್ರಾಧ್ಯಾಪಕರಾಗಿದ್ದರೆ ಮಾತ್ರ ಮೊದಲು ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಎರಡರಲ್ಲಿ ಒಂದನ್ನು ಬೇರೊಬ್ಬರು ನೋಡುವಂತೆ ಕೇಳಿಕೊಳ್ಳಿ.